ಹಾರುವ ಕೈ, ಹಿಡಿಯುವ ಕೈ

ಪತ್ರಿಕೆ ಓದುವವರಿಗೆ 'ದೊಂಬರಾಟ' ಎಂಬ ಮಾತು ಹೊಸದಲ್ಲ. ಶಾಸಕರೊಬ್ಬರು ಬೆಳಗ್ಗೆ ಒಂದು ಪಕ್ಷದಲ್ಲಿದ್ದು ಸಂಜೆ ಇನ್ನೊಂದಕ್ಕೆ ನೆಗೆದರೆ ಅದು ದೊಂಬರಾಟ. ಪುರಸಭೆಯಲ್ಲಿ ಕುರ್ಚಿಗಾಗಿ ಜಗ್ಗಾಟ ನಡೆದರೆ ಅದೂ ದೊಂಬರಾಟ. ಕನ್ನಡ ಪಾಠ ಹೇಳುವುದನ್ನೇ ಜೀವನೋಪಾಯ ಮಾಡಿಕೊಂಡ ನಾನೂ ಈ ಮಾತನ್ನು ಧಾರಾಳವಾಗಿ ಬಳಸಿದವನೇ. ಎರಡು ವರ್ಷದ ಹಿಂದೆ ತರಗತಿಯಲ್ಲಿ ಯಾವುದೋ ವಿಮರ್ಶಾ ಲೇಖನದ ಪ್ರಸ್ತಾಪ ಬಂದಾಗ, "ಇದು ಬರಿಯ ಶಬ್ದಗಳ ದೊಂಬರಾಟ" ಎಂದುಬಿಟ್ಟೆ. ಹುಡುಗರು ನಕ್ಕರು. ಮೇಷ್ಟರಿಗೆ ಅಷ್ಟು ಸಾಕಲ್ಲವೆ? ನಾನೂ ಸಂತೋಷಪಟ್ಟುಕೊಂಡೆ.

ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಮೇಜಿನ ಬಳಿ ಬಂದು ನಿಂತ. "ಸಾರ್, ನಮ್ಮ ತಾತ ದೊಂಬರಾಟ ಆಡ್ತಿದ್ರು. ಅದರಲ್ಲಿ ಮೋಸ ಎಲ್ಲಿದೆ ಸಾರ್?" ಎಂದು ಕೇಳಿದ. ಅವನ ಧ್ವನಿಯಲ್ಲಿ ಕೋಪವಿರಲಿಲ್ಲ. ತಿಳಿಯದ ಪದ್ಯದ ಅರ್ಥ ಕೇಳುವ ಹಾಗೆಯೇ ಕೇಳಿದ. ನಾನು ಏನೋ ತಡವರಿಸಿ, ಮಾತಿಗೆ ಅನೇಕ ಅರ್ಥಗಳಿರುತ್ತವೆ ಎಂದು ಹೇಳಿ ಕಳಿಸಿದೆ. ಅದು ಉತ್ತರವಾಗಿರಲಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಹೊರಟ ಉತ್ತರ.

ಉತ್ತರಕ್ಕಾಗಿ ಪುಸ್ತಕ ಬಿಚ್ಚುವ ಮೊದಲು ನನ್ನ ನೆನಪು ದುದ್ದಕ್ಕೆ ಹೋಯಿತು. ದುದ್ದ ಮಂಡ್ಯ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಅಲ್ಲಿ ನನ್ನ ಸೋದರಮಾವನ ಮನೆ. 1980ರ ದಶಕದ ಕೊನೆಯ ವರ್ಷಗಳು, ಸಂಕ್ರಾಂತಿಗೆಂದು ಹೋಗಿದ್ದೆ. ರಾಗಿಯ ಒಕ್ಕಣೆ ಮುಗಿದು ಕಣಗಳು ಬರಿದಾಗಿದ್ದವು. ಜನರ ಕೈಯಲ್ಲಿ ಒಂದಿಷ್ಟು ಕಾಳು, ಮನಸ್ಸಿನಲ್ಲಿ ಒಂದಿಷ್ಟು ಬಿಡುವು ಇರುವ ಹೊತ್ತು ಅದು. ಆ ಹೊತ್ತನ್ನು ನೋಡಿಕೊಂಡೇ ದೊಂಬರು ಬರುತ್ತಿದ್ದರು. ಕತ್ತೆಯ ಮೇಲೆ ಗಂಟುಮೂಟೆ, ಹೆಗಲ ಮೇಲೆ ಬಿದಿರಿನ ಗಳ, ಒಂದು ಡೋಲು. ಅವರ ಸರಂಜಾಮೆಲ್ಲ ಅಷ್ಟೇ.

ಮೊದಲು ಹಗ್ಗದ ಆಟ. ಎರಡು ಕಡೆ ಬಿದಿರುಗಳನ್ನು ಕತ್ತರಿಯಾಕಾರದಲ್ಲಿ ನಿಲ್ಲಿಸಿ, ನಡುವೆ ಹಗ್ಗ ಬಿಗಿದು, ಅದರ ತುದಿಗಳನ್ನು ನೆಲದ ಗೂಟಗಳಿಗೆ ಕಟ್ಟಿದ್ದರು. ಹೆಂಗಸೊಬ್ಬಳು ಅಡ್ಡಗಳ ಹಿಡಿದು ಹಗ್ಗದ ಮೇಲೆ ನಡೆದಳು. ಆಮೇಲೆ ಗಳದ ಆಟ. ಗಂಡಸು ಸೊಂಟಕ್ಕೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡು, ಅದರ ಮಡಿಕೆಯಲ್ಲಿ ಉದ್ದನೆಯ ಗಳದ ಬುಡವನ್ನು ಊರಿಕೊಂಡ. ನನ್ನ ವಯಸ್ಸಿನ ಹುಡುಗಿಯೊಬ್ಬಳು ಸರಸರನೆ ಗಳವನ್ನು ಏರಿ, ತುದಿಯಲ್ಲಿ ಹೊಟ್ಟೆಯನ್ನು ಊರಿ, ಕೈಕಾಲು ಚಾಚಿ ಗಾಳಿಯಲ್ಲಿ ಮಲಗಿದಳು. ನಾವು ಹುಡುಗರೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಿದ್ದೆವು. ಪಕ್ಕದಲ್ಲಿ ನಿಂತಿದ್ದ ಮಾವ ನನ್ನ ತಲೆಯ ಮೇಲೆ ಮೊಟಕಿ, "ಮೇಲಿರೋ ಮಗೀನೇ ಏನ್ಲಾ ನೋಡ್ತೀಯೆ, ಕೆಳಗಿರೋನ ಪಾದ ನೋಡ್ಲಾ" ಎಂದರು.

ನೋಡಿದೆ. ಆ ಪಾದಗಳು ಒಂದು ಕ್ಷಣವೂ ಸುಮ್ಮನಿರಲಿಲ್ಲ. ಅರ್ಧ ಅಂಗುಲ ಮುಂದೆ, ಒಂದು ಅಂಗುಲ ಎಡಕ್ಕೆ, ಮತ್ತೆ ಹಿಂದಕ್ಕೆ. ಅವನ ಕಣ್ಣು ಮಾತ್ರ ಗಳದ ತುದಿಯನ್ನು ಬಿಟ್ಟು ಕದಲಿರಲಿಲ್ಲ. ಮೇಲಿನ ಹುಡುಗಿ ಅಲುಗಾಡುತ್ತಲೇ ಇರಲಿಲ್ಲ.

ಇದರ ಒಳಗುಟ್ಟು ಕಷ್ಟದ್ದೇನೂ ಅಲ್ಲ. ಪೊರಕೆಯನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸುವ ಆಟವನ್ನು ಬಾಲ್ಯದಲ್ಲಿ ಆಡದವರು ಯಾರು? ಪೊರಕೆ ಯಾವ ಕಡೆ ವಾಲುತ್ತದೆಯೋ ಆ ಕಡೆಗೆ ಅಂಗೈಯನ್ನು ಸರಿಸಬೇಕು. ಕಣ್ಣು ತುದಿಯ ಮೇಲಿರಬೇಕು. ಈಗ ಆ ಪೊರಕೆಗೆ ಜೀವ ಬಂದು, ತಾನೂ ನೆಟ್ಟಗಾಗಲು ಮೈಯನ್ನು ಅತ್ತಿತ್ತ ತಿರುಗಿಸತೊಡಗಿತೆನ್ನಿ. ಅಂಗೈ ಬಲಕ್ಕೆ ಸರಿಯುವ ಹೊತ್ತಿಗೆ ಅದು ಎಡಕ್ಕೆ ಹೊರಳಿರುತ್ತದೆ. ಇಬ್ಬರ ತಿದ್ದುಪಡಿಗಳೂ ಸೇರಿ ಬೀಳುವುದು ಖಂಡಿತ. ಆದ್ದರಿಂದ ಗಳದ ಆಟದ ಮೊದಲ ನಿಯಮವೆಂದರೆ ತೂಕ ಕಾಯುವ ಕೆಲಸ ಕೆಳಗಿನವನೊಬ್ಬನದೇ. ಮೇಲಿರುವವರು ಬೀಳುವ ಭಯ ಬಂದಾಗಲೂ ತಮ್ಮನ್ನು ತಾವು ಉಳಿಸಿಕೊಳ್ಳಲು ಹೋಗಬಾರದು. ಮೈಯನ್ನು ಗಟ್ಟಿಯಾಗಿ ಹಿಡಿದು ಸುಮ್ಮನಿರಬೇಕು. ಸುಮ್ಮನಿರುವುದು ಎಷ್ಟು ಕಷ್ಟವೆಂಬುದನ್ನು ಗಳ ಏರಿದವರೇ ಬಲ್ಲರು.

ಈ ಕಲೆ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳನ್ನು ವಿವರಿಸುವ ಭಾಗವಿದೆ. ಅಲ್ಲಿ ನೃತ್ಯದ ಪ್ರಸ್ತಾಪ ಬಂದಾಗ ನಟ, ನರ್ತಕ, ನರ್ತಕಿ, ವೈತಾಳಿಕ, ಚಾರಣರ ಸಾಲಿನಲ್ಲಿಯೇ 'ಕೊಲ್ಲಾಟಿಕ'ನೂ ನಿಂತಿದ್ದಾನೆ. ಕೊಲ್ಲಾಟಿಕನೆಂದರೆ ಕಸರತ್ತಿನ ಕಲಾವಿದ. ಮಹಾರಾಷ್ಟ್ರದ ಕೊಲ್ಹಾಟಿ ಸಮುದಾಯದ ಹೆಸರಿನಲ್ಲಿ ಈ ಶಬ್ದದ ದನಿ ಇಂದಿಗೂ ಕೇಳಿಸುತ್ತದೆ. ನಟನ ಪಕ್ಕದಲ್ಲಿ, ನರ್ತಕಿಯ ಪಕ್ಕದಲ್ಲಿ ಅವನಿಗೆ ಸ್ಥಾನ ಕೊಟ್ಟವನು ಕನ್ನಡ ನಾಡಿನ ಚಕ್ರವರ್ತಿ ಎಂಬುದನ್ನು ನಾವು ಮರೆಯಬಾರದು.

ಸುಮಾರು ನೂರು ವರ್ಷಗಳ ಬಳಿಕ, 13ನೆಯ ಶತಮಾನದ ಮೊದಲರ್ಧದಲ್ಲಿ, ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ 'ಸಂಗೀತರತ್ನಾಕರ'ವನ್ನು ಬರೆದ. ಆತನೂ ಈ ಕಲಾವಿದನಿಗೆ ಲಕ್ಷಣ ಹೇಳುತ್ತಾನೆ. ಹಗ್ಗದ ಮೇಲೆ ನಡೆಯುವುದರಲ್ಲಿ ಜಾಣ, ಚೂರಿ ಹಿಡಿದು ಕುಣಿಯುವುದರಲ್ಲಿ ಕುಶಲ, ಜೊತೆಗೆ ಬಹಳ ಭಾರವನ್ನು ಹೊರಬಲ್ಲವನು. ಈ ಕೊನೆಯ ಮಾತನ್ನು ಓದಿದಾಗ ನನಗೆ ದುದ್ದದ ಆ ಪಾದಗಳು ನೆನಪಾದವು. ಹಗ್ಗದ ಮೇಲೆ ನಡೆಯುವವನನ್ನು ಯಾರಾದರೂ ಗುರುತಿಸಿಯಾರು. ಭಾರ ಹೊರುವವನೂ ಕಲಾವಿದನೇ ಎಂದು ಶಾಸ್ತ್ರಕಾರನೊಬ್ಬ ಬರೆದಿಟ್ಟಿದ್ದಾನೆ; ನಾವು ನೋಡುವುದನ್ನು ಬಿಟ್ಟೆವು.

1443ರಲ್ಲಿ ಹೆರಾತಿನ ಸುಲ್ತಾನ ಶಾರೂಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಮಹಾನವಮಿಯ ಉತ್ಸವವನ್ನು ಬಣ್ಣಿಸಿದ್ದಾನೆ. ಅವನನ್ನು ಬೆರಗುಗೊಳಿಸಿದ ಆಟಗಳಲ್ಲಿ ಒಂದು, ಎತ್ತರದ ಕಂಬದ ಮೇಲೆ ತಕ್ಕಡಿಯಂತೆ ತೂಗುತ್ತಿದ್ದ ದೊಡ್ಡ ತೊಲೆ. ತೊಲೆಯ ಒಂದು ತುದಿಗೆ ಆನೆಯ ತೂಕದ ಕಲ್ಲು, ಇನ್ನೊಂದು ತುದಿಯಲ್ಲಿ ಸಾಕ್ಷಾತ್ ಆನೆ. ಆನೆ ಮೇಲೇರಿದರೆ ಕಲ್ಲು ಕೆಳಗೆ, ಕಲ್ಲು ಏರಿದರೆ ಆನೆ ಕೆಳಗೆ. ಜನ ನೋಡಿದ್ದು ಆನೆಯನ್ನೇ ಇರಬೇಕು. ಆದರೆ ಆ ಕಲ್ಲು ಒಂದಿಷ್ಟು ಹೆಚ್ಚು ಕಡಮೆಯಾಗಿದ್ದರೆ ಆಟವೇ ಇರುತ್ತಿರಲಿಲ್ಲ. ವಿಜಯನಗರದ ಕಾಲದ ತೆಲುಗು ಸೀಮೆಯ ಶಾಸನಗಳಲ್ಲಿ 'ದೊಮ್ಮರಿ ಪನ್ನು' ಎಂಬ ತೆರಿಗೆಯ ಹೆಸರೂ ಸಿಗುತ್ತದೆ. ಶಾಸನದ ಕಲ್ಲಿನಲ್ಲಿ ಹೆಸರು ಕಾಣಿಸಿಕೊಂಡ ಜನ, ರಾಜ್ಯದ ಲೆಕ್ಕದೊಳಗೆ ಇದ್ದ ಜನ.

ಇನ್ನು ಇದೇ ಕಲೆಯ ಪಶ್ಚಿಮದ ಕವಲನ್ನು ನೋಡೋಣ. ಸರ್ಕಸ್ಸಿನ ಡೇರೆಯಲ್ಲಿ ನಮ್ಮ ಉಸಿರು ಬಿಗಿಹಿಡಿಸುವ ತೂಗುಯ್ಯಾಲೆಯ ಆಟಕ್ಕೆ ಹುಟ್ಟಿದ ದಿನವೊಂದಿದೆ: 1859ರ ನವೆಂಬರ್ 12. ಅಂದು ಪ್ಯಾರಿಸ್ಸಿನ ಸರ್ಕಸ್ ರಂಗದಲ್ಲಿ ಝೂಲ್ ಲಿಯೊತಾರ್ ಎಂಬ ತರುಣ ಒಂದು ಉಯ್ಯಾಲೆಯಿಂದ ಇನ್ನೊಂದಕ್ಕೆ ಹಾರಿದ. ತೂಲೂಸ್ ನಗರದಲ್ಲಿ ಅವನ ತಂದೆಗೆ ವ್ಯಾಯಾಮಶಾಲೆಯಿತ್ತು. ಅಲ್ಲಿಯ ಈಜುಕೊಳದ ಮೇಲೆ ಉಯ್ಯಾಲೆ ಕಟ್ಟಿಕೊಂಡು ಅಭ್ಯಾಸ ಮಾಡಿದ್ದನಂತೆ. ಲಿಯೊತಾರ್ ಒಬ್ಬಂಟಿ. ಅವನನ್ನು ಎದುರುಗೊಳ್ಳುತ್ತಿದ್ದದ್ದು ಮರದ ಕೋಲು. ಎದುರಿನ ಉಯ್ಯಾಲೆಗೆ ಮೊಣಕಾಲನ್ನು ಕೊಕ್ಕೆ ಹಾಕಿ ತಲೆಕೆಳಗಾಗಿ ತೂಗುತ್ತ, ಹಾರಿ ಬಂದವನನ್ನು ಕೈಚಾಚಿ ಹಿಡಿಯುವ ಎರಡನೆಯ ಮನುಷ್ಯ ಬಂದದ್ದು ಆಮೇಲಿನ ದಶಕಗಳಲ್ಲಿ. ಆತ ಬಂದ ಮೇಲೆಯೇ ಈ ಆಟ ಇಂದಿನ ರೂಪಕ್ಕೆ ಬಂತು.

ಇಲ್ಲಿಯೂ ಲೆಕ್ಕ ಸರಳವಾದದ್ದೇ. ಉಯ್ಯಾಲೆ ತೂಗುವ ಕಾಲ ಹಗ್ಗದ ಉದ್ದವನ್ನು ಅವಲಂಬಿಸಿದೆ, ಕೂತವರ ತೂಕವನ್ನಲ್ಲ. ನಾಲ್ಕು ಮೀಟರ್ ಉದ್ದದ ಉಯ್ಯಾಲೆ ಒಂದು ಸಲ ಹೋಗಿ ಬರಲು ಸುಮಾರು 4 ಸೆಕೆಂಡು ಬೇಕು. ಅವಸರಪಟ್ಟರೆ ಅದು ಬೇಗ ಬರುವುದಿಲ್ಲ, ಬೇಡಿಕೊಂಡರೆ ನಿಲ್ಲುವುದಿಲ್ಲ. ಹಾರುವವನು ಕೋಲು ಬಿಟ್ಟ ಮೇಲೆ, ತನ್ನ ನೆಗೆತದ ತುತ್ತತುದಿಯಿಂದ ಅರ್ಧ ಸೆಕೆಂಡಿನಲ್ಲಿ ಸುಮಾರು 1.2 ಮೀಟರ್ ಕೆಳಗಿಳಿದಿರುತ್ತಾನೆ. ಹಿಡಿಯುವವನ ಉಯ್ಯಾಲೆಯೂ ಆ ಹೊತ್ತಿಗೆ ಸರಿಯಾಗಿ ತನ್ನ ತುದಿಗೆ ಬಂದು, ಹಿಂತಿರುಗುವ ಮೊದಲು ಒಂದು ಗಳಿಗೆ ನಿಂತಂತಾಗಿರಬೇಕು. ಇಬ್ಬರೂ ನಿಂತಂತಾದ ಆ ಗಳಿಗೆಯಲ್ಲಿ ಮಣಿಕಟ್ಟಿಗೆ ಮಣಿಕಟ್ಟು ಸೇರುತ್ತದೆ. ಆಮೇಲೆ ಇಬ್ಬರೂ ಕೆಳಗೆ ತೂಗಿ ಬರುವಾಗ, 60 ಡಿಗ್ರಿಯಷ್ಟು ಎತ್ತರದಿಂದ ಬಂದರೆಂದಿಟ್ಟುಕೊಳ್ಳೋಣ, ಹಿಡಿದವನ ತೋಳುಗಳ ಮೇಲೆ ಹಾರಿದವನ ತೂಕದ ಎರಡರಷ್ಟು ಬೀಳುತ್ತದೆ. 60 ಕಿಲೋ ತೂಕದವನು ಆ ಕ್ಷಣಕ್ಕೆ 120 ಕಿಲೋ ಆಗುತ್ತಾನೆ. ಅದನ್ನು ತಡೆದುಕೊಳ್ಳುವವನು ತಲೆಕೆಳಗಾಗಿ ನೇತಾಡುತ್ತಿರುತ್ತಾನೆ.

ದುದ್ದದ ಗಳದ ನಿಯಮವೇ ಇಲ್ಲಿಯೂ ನಡೆಯುತ್ತದೆ. ಹಾರಿದವನು ತಾನಾಗಿ ಎದುರಿನ ಕೈಯನ್ನು ಬಾಚಿ ಹಿಡಿಯಲು ಹೋಗಬಾರದು. ಇಬ್ಬರೂ ಹಿಡಿಯಲು ಹೋದರೆ ಬೆರಳಿಗೆ ಬೆರಳು ತಾಗಿ ಜಾರುತ್ತದೆ. ಮಣಿಕಟ್ಟು ಮುರಿದರೂ ಮುರಿಯಬಹುದು. ಹಾರಿದವನು ಕೈ ಚಾಚಿಕೊಂಡಿರಬೇಕು, ಹಿಡಿಯುವವನು ಹಿಡಿಯಬೇಕು. ನಮ್ಮ ಹಳ್ಳಿಯ ಕಣಕ್ಕೂ ಪ್ಯಾರಿಸ್ಸಿನ ರಂಗಕ್ಕೂ ನಂಟಿರಲಿಲ್ಲ, ಆದರೂ ಎರಡೂ ಕಡೆ ಅನುಭವ ಒಂದೇ ಪಾಠವನ್ನು ಕಲಿಸಿದೆ.

ಆದರೆ ಕೀರ್ತಿ ಹಂಚಿಕೆಯಾಗುವಾಗ ಈ ಪಾಠ ಯಾರ ನೆನಪಿಗೂ ಬರುವುದಿಲ್ಲ. 1897ರಲ್ಲಿ ಸಿಡ್ನಿಯಲ್ಲಿ ಲೀನಾ ಜೋರ್ಡನ್ ಎಂಬಾಕೆ ಗಾಳಿಯಲ್ಲಿ ಮೂರು ಲಾಗ ಹಾಕಿ ಎದುರಿನ ಕೈ ಸೇರಿದಳು; ಇದೇ ಮೊದಲ ಮೂರು ಲಾಗ ಎಂದು ದಾಖಲೆಗಳು ಹೇಳುತ್ತವೆ. ಆ ಎದುರಿನ ಕೈ ಲೂಯಿಸ್ ಜೋರ್ಡನ್ ಎಂಬವನದು. ಮುಂದೆ ಅಮೆರಿಕದಲ್ಲಿ ಈ ಮೂರು ಲಾಗವನ್ನು ಕರಗತ ಮಾಡಿಕೊಂಡು ಲೋಕಪ್ರಸಿದ್ಧನಾದವನು ಅಲ್ಫ್ರೆಡೊ ಕೊಡೋನ. ಅವನನ್ನು ಹಿಡಿಯುತ್ತಿದ್ದವನು ಅಣ್ಣ ತಮ್ಮಂದಿರಲ್ಲಿ ಇನ್ನೊಬ್ಬನಾದ ಲಾಲೊ. ಅಲ್ಫ್ರೆಡೊನ ಹೆಸರು ಕೇಳಿದವರಲ್ಲಿ ಲಾಲೊನ ಹೆಸರು ಕೇಳಿದವರು ಎಷ್ಟು ಮಂದಿ?

ಭಾರತದಲ್ಲಿ ಸರ್ಕಸ್ಸು ಬೇರೂರಿದ ಕತೆಯಲ್ಲಿಯೂ ಇಂಥ ಜೋಡಿಗಳೇ ಕಾಣುತ್ತವೆ. ಇಟಲಿಯ ಕಿಯಾರಿನಿಯ ಸರ್ಕಸ್ಸನ್ನು ಮುಂಬಯಿಯಲ್ಲಿ ಕಂಡ ಮರಾಠಿ ಅಶ್ವಶಿಕ್ಷಕ ವಿಷ್ಣುಪಂತ ಛತ್ರೆ 1880ರಲ್ಲಿ ತನ್ನದೇ 'ಗ್ರೇಟ್ ಇಂಡಿಯನ್ ಸರ್ಕಸ್' ಕಟ್ಟಿದ. ಆತ ಕುದುರೆಯ ಆಟ ತೋರಿಸಿದರೆ ಉಯ್ಯಾಲೆಯ ಮೇಲೆ ತೂಗಿದವಳು ಅವನ ಹೆಂಡತಿ. ಆ ಕಾಲದ ಗೃಹಿಣಿಯೊಬ್ಬಳು ಸಾರ್ವಜನಿಕ ರಂಗದಲ್ಲಿ ಅಷ್ಟು ಎತ್ತರಕ್ಕೆ ಏರಿದ್ದು ಸಣ್ಣ ಸಂಗತಿಯಲ್ಲ. ಛತ್ರೆಯ ಸರ್ಕಸ್ಸು ಮಲಬಾರಿನ ತಲಶ್ಶೇರಿಗೆ ಹೋದಾಗ ಅಲ್ಲಿಯ ಗರಡಿ ಮೇಷ್ಟರು ಕೀಲೇರಿ ಕುಂಞಿಕಣ್ಣನ್ ಅವರ ಪರಿಚಯವಾಯಿತು. ಕಳರಿಯ ಮೈವಶವನ್ನೂ ಪಶ್ಚಿಮದ ಅಂಗಸಾಧನೆಯನ್ನೂ ಬಲ್ಲ ಅವರು 1901ರಲ್ಲಿ ತಲಶ್ಶೇರಿಯ ಚಿರಕ್ಕರದಲ್ಲಿ ಸರ್ಕಸ್ ಶಾಲೆಯನ್ನು ತೆರೆದರು. ಭಾರತದ ಡೇರೆಗಳಿಗೆ ಹಲವು ತಲೆಮಾರು ಕಲಾವಿದರು ಹೋದದ್ದು ಆ ಊರಿನಿಂದ.

ಕುಂಞಿಕಣ್ಣನ್ ಅವರ ಬಳಿ ಬಾಲ್ಯದಲ್ಲಿ ಕಲಿತವರಲ್ಲಿ ಎಂ. ವಿ. ಶಂಕರನ್ ಒಬ್ಬರು. ಸೈನ್ಯದಲ್ಲಿದ್ದು ಬಂದು, ಉಯ್ಯಾಲೆಯ ಕಲಾವಿದರಾಗಿ ದುಡಿದ ಶಂಕರನ್, ಗೆಳೆಯ ಕೆ. ಸಹದೇವನ್ ಜೊತೆ ಸೇರಿ ನಷ್ಟದಲ್ಲಿದ್ದ ಒಂದು ಸಣ್ಣ ಕಂಪನಿಯನ್ನು 6,000 ರೂಪಾಯಿಗೆ ಕೊಂಡರು. 1951ರ ಆಗಸ್ಟ್ 15ರಂದು ಗುಜರಾತಿನ ಬಿಲಿಮೋರಾದಲ್ಲಿ ಅದು ಹೊಸ ಹೆಸರಿನಿಂದ ಆಟ ಆರಂಭಿಸಿತು. ಅದೇ ಜೆಮಿನಿ ಸರ್ಕಸ್. ಜೆಮಿನಿ ಎಂದರೆ ಮಿಥುನ. ಶಂಕರನ್ ಹುಟ್ಟಿದ ರಾಶಿ. ಆ ರಾಶಿಯ ಚಿತ್ರದಲ್ಲಿ ಇರುವವರು ಇಬ್ಬರು. ಆದರೆ 2023ರಲ್ಲಿ 98 ವರ್ಷದ ಶಂಕರನ್ ತೀರಿಕೊಂಡಾಗ ದೇಶ ನೆನೆದದ್ದು 'ಜೆಮಿನಿ ಶಂಕರನ್' ಎಂಬ ಒಂದೇ ಹೆಸರನ್ನು. ಇದರಲ್ಲಿ ಅವರ ತಪ್ಪೇನೂ ಇಲ್ಲ. ನಮ್ಮ ಕಣ್ಣಿನ ಅಭ್ಯಾಸವೇ ಹಾಗೆ.

ಇಷ್ಟಾದರೂ ಡೇರೆಯೊಳಗಿನ ಕಲಾವಿದನಿಗೆ ಟಿಕೀಟು, ಬೆಳಕು, ವಾದ್ಯ, ಕೊನೆಗೊಂದು ಚಪ್ಪಾಳೆ ದೊರೆಯಿತು. ಅದೇ ಕಲೆಯನ್ನು ಬಯಲಲ್ಲಿ ತೋರಿಸಿದವನಿಗೆ ದೊರೆತದ್ದೇನು? ಬ್ರಿಟಿಷರು 1871ರಲ್ಲಿ ಉತ್ತರ ಭಾರತದಲ್ಲಿ ಜಾರಿಗೆ ತಂದ ಅಪರಾಧಿ ಬುಡಕಟ್ಟುಗಳ ಕಾನೂನು 1911ರಲ್ಲಿ ಮದರಾಸು ಪ್ರಾಂತಕ್ಕೂ ಬಂತು. ಅಲ್ಲಿ ಈ ಪಟ್ಟಿಗೆ ಸೇರಿದವರಲ್ಲಿ ದೊಮ್ಮರೂ ಇದ್ದರು. ಊರೂರು ಅಲೆಯುವುದೇ ಅವರ ಕಸುಬು. ಅಲೆಯುವುದೇ ಅನುಮಾನಕ್ಕೆ ಕಾರಣವಾಯಿತು. ಯಾರೋ ಒಬ್ಬ ಮಾಡಿದ್ದಕ್ಕಲ್ಲ, ಹುಟ್ಟಿದ್ದಕ್ಕೇ ಇಡೀ ಸಮುದಾಯ ಪೋಲೀಸು ಠಾಣೆಯ ದಫ್ತರಕ್ಕೆ ಏರಿತು. ಸ್ವತಂತ್ರ ಭಾರತ 1952ರಲ್ಲಿ ಆ ಕಾನೂನನ್ನು ತೆಗೆದುಹಾಕಿತು. ಕರ್ನಾಟಕದಲ್ಲಿ ದೊಂಬರ ಹೆಸರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ.

ಕಾನೂನನ್ನು ಒಂದು ದಿನದಲ್ಲಿ ರದ್ದು ಮಾಡಬಹುದು. ಮಾತನ್ನು ರದ್ದು ಮಾಡಲು ಯಾವ ಶಾಸನಸಭೆಗೂ ಆಗದು. ಕಿಟ್ಟೆಲರ 1894ರ ನಿಘಂಟಿನಲ್ಲಿ ಈ ಶಬ್ದಕ್ಕೆ ಇರುವ ಅರ್ಥ ಲಾಗ ಹಾಕುವ, ಕಸರತ್ತು ಮಾಡುವ ಜಾತಿ ಎಂದೇ. ಅದರೊಳಗೆ ಕಪಟವನ್ನೂ ನಿಲುವಿಲ್ಲದ ನೆಗೆತವನ್ನೂ ತುಂಬಿದವರು ಬಳಸಿದ ನಾವು, ಮುಖ್ಯವಾಗಿ ಬರೆಯುವ ನಾವು. ಇನ್ನೊಂದು ಕಡೆಯಿಂದ ಯೋಚಿಸಿ ನೋಡಿ. ಪಕ್ಷಾಂತರ ಮಾಡುವವನು ತನ್ನನ್ನು ಹೊತ್ತವರನ್ನು ಕೆಳಗೆ ಬಿಟ್ಟು ನೆಗೆಯುತ್ತಾನೆ. ಗಳ ಏರಿದವಳು ಹೊತ್ತವನನ್ನು ನಂಬಿ ಅಲುಗಾಡದೆ ಇರುತ್ತಾಳೆ. ಹೊತ್ತವನು ಅವಳನ್ನು ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸುವುದಿಲ್ಲ. ಒಂದು ರೆಪ್ಪೆಯ ಮೋಸವಿದ್ದರೂ ನಡೆಯದ ಕಸುಬಿನ ಹೆಸರನ್ನು ಮೋಸಕ್ಕೆ ಇಟ್ಟೆವಲ್ಲ!

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸುಲಭವಾಗಿ ಮುಗಿಯುತ್ತಿತ್ತು. ಆದರೆ ದುದ್ದದ ಆ ಹುಡುಗಿ ನನ್ನನ್ನು ಬಿಡುವುದಿಲ್ಲ. ಅವಳು ನನ್ನ ವಯಸ್ಸಿನವಳು. ಅಂದು ಆಟ ಮುಗಿದ ಮೇಲೆ ಸೆರಗೊಡ್ಡಿದ ಅವಳ ತಾಯಿಗೆ ಅತ್ತೆ ಒಂದು ಮೊರ ರಾಗಿ ಹಾಕಿದರು. ನಾನು ರಜ ಮುಗಿಸಿ ಸ್ಕೂಲಿಗೆ ಹೋದೆ; ಅವಳು ಮುಂದಿನ ಊರಿನ ಗಳಕ್ಕೆ ಹೋದಳು. ಗಳ ಏರುವುದೋ ಬೇಡವೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಮೇಲಿರುವವರು ನಂಬಿ ಸುಮ್ಮನಿರಬೇಕು ಎಂದು ನಾನು ಮೆಚ್ಚಿ ಬರೆದೆನಷ್ಟೆ. ಮಗುವಿನ ಮಟ್ಟಿಗೆ ಆ ನಂಬಿಕೆ ಆರಿಸಿಕೊಂಡದ್ದಲ್ಲ. ಡೇರೆಗಳಲ್ಲಿಯೂ ಕತೆ ಬೇರೆಯಾಗಿರಲಿಲ್ಲ. 2011ರ ಏಪ್ರಿಲ್ಲಿನಲ್ಲಿ ಸುಪ್ರೀಂ ಕೋರ್ಟು ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ತಡೆಯುವಂತೆ ಆದೇಶ ಕೊಟ್ಟಿತು. ಇದರಿಂದ ಕಲೆ ಬಡವಾಯಿತೆಂದು ಕೊರಗುವವರಿದ್ದಾರೆ. ಚಿಕ್ಕ ವಯಸ್ಸಿನಲ್ಲಿಯೇ ಬಳುಕದ ಮೈ ಮುಂದೆ ಬಳುಕುವುದು ಕಷ್ಟವೆಂಬುದು ನಿಜ. ಆದರೂ ಮಗುವಿನ ಬಾಲ್ಯವನ್ನು ಕೊಟ್ಟು ಕೊಳ್ಳಬೇಕಾದ ಬೆರಗು ನನಗೆ ಬೇಡ. ಆ ಹುಡುಗಿಯನ್ನು ಮತ್ತೆ ಗಳದ ಮೇಲೆ ನೋಡುವ ಆಸೆ ನನಗಿಲ್ಲ.

ಅವಳ ಮೊಮ್ಮಕ್ಕಳೋ ಅಂಥವರ ಮೊಮ್ಮಕ್ಕಳೋ ಕಾಲೇಜಿನ ಬೆಂಚಿನಲ್ಲಿ ಕೂತು ಹಳಗನ್ನಡ ಓದಲಿ. ಆದರೆ ಹಾಗೆ ಬಂದು ಕೂತವನ ಕಿವಿಗೆ ಮೊದಲು ಬೀಳುವುದು ತನ್ನ ತಾತನ ಕಸುಬು ಬೈಗುಳವಾಗಿದೆ ಎಂಬ ಸುದ್ದಿಯಾದರೆ, ಅವನನ್ನು ಮೇಲೆ ಹತ್ತಿಸಿದ ನಾವು ಕೆಳಗೆ ನಿಂತು ಹಿಡಿಯಲಿಲ್ಲವೆಂದೇ ಅರ್ಥ.

ಮೊನ್ನೆ ಆ ಹುಡುಗ ಪ್ರಮಾಣಪತ್ರಕ್ಕೆ ಸಹಿ ಬೇಕೆಂದು ಬಂದಿದ್ದ. ಸಹಿ ಹಾಕಿ, ಮಾನಸೋಲ್ಲಾಸದ ವಿಷಯ ಹೇಳಿದೆ. ಭಾರ ಹೊರುವವನ ವಿಷಯವನ್ನೂ ಹೇಳಿದೆ. ಅಂದು ತರಗತಿಯಲ್ಲಿ ಆಡಿದ ಮಾತು ತಪ್ಪಾಯಿತೆಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ತಾತ ಮೇಲೆ ಹತ್ತೋರಲ್ಲ ಸಾರ್, ಕೆಳಗೆ ಗಳ ಹಿಡಿಯೋರು" ಎಂದ. ನಾನು ಎದ್ದು ನಿಂತು ಅವನ ಕೈ ಕುಲುಕಿದೆ.